ಅಧ್ಯಕ್ಷೆಯ ಡೋಂಗಲ್ ಯಾರ ಕಿಸೆಯಲ್ಲಿದೆ?

ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಗ್ರಾಮ ಪಂಚಾಯಿತಿ ಕಚೇರಿಗಳಲ್ಲಿ ಗೋಡೆಗೆ ಒಂದು ಬೋರ್ಡ್ ಇರುತ್ತದೆ. ಸದಸ್ಯರ ಹೆಸರು, ವಾರ್ಡು, ಮೊಬೈಲ್ ನಂಬರು. ಅರ್ಧದಷ್ಟು ಹೆಸರುಗಳ ಹಿಂದೆ 'ಶ್ರೀಮತಿ' ಇರುತ್ತದೆ. ಆ ನಂಬರಿಗೆ ಫೋನ್ ಹಚ್ಚಿದರೆ ಎಷ್ಟೋ ಸಲ ಕೇಳುವುದು ಗಂಡಸಿನ ದನಿ. "ಅಕಿ ಹೊಲಕ್ಕ ಹೋಗ್ಯಾಳ್ರಿ. ನನಗ ಹೇಳ್ರಿ, ಎಲ್ಲಾ ನಾನ ನೋಡಿಕೊಳ್ಳೋದು."

ಊರಲ್ಲಿ ಅವನನ್ನೇ 'ಅಧ್ಯಕ್ಷರು' ಅಂತ ಕರೆಯುವುದೂ ಉಂಟು. ಹಾಗಾಗಿ ಹೆಣ್ಣುಮಕ್ಕಳ ರಾಜಕೀಯದ ಮಾತು ಬಂದಾಗ ಕಟ್ಟೆಯ ಮೇಲೆ ತೀರ್ಪು ಬೇಗ ಸಿಗುತ್ತದೆ: ಸೀಟು ಕೊಟ್ಟು ಏನು ಬಂತು, ಓಟು ಕೂಡ ಗಂಡ ಹೇಳಿದವರಿಗೇ ಹಾಕುತ್ತಾರಲ್ಲ.

ಈ ತೀರ್ಪಿನಲ್ಲಿ ಎರಡು ಬೇರೆ ಸಂಗತಿಗಳು ಕಲಸಿಹೋಗಿವೆ. ಕುರ್ಚಿಯಲ್ಲಿ ಕೂತವರ ಅಧಿಕಾರ ಯಾರ ಕೈಯಲ್ಲಿದೆ ಎನ್ನುವುದು ಒಂದು. ಮತಗಟ್ಟೆಯಲ್ಲಿ ಗುಂಡಿ ಒತ್ತುವಾಗ ಮನಸ್ಸು ಯಾರದು ಎನ್ನುವುದು ಇನ್ನೊಂದು. ಎರಡಕ್ಕೂ ಕಾನೂನು ಬೇರೆ, ಅಡ್ಡಿಗಳೂ ಬೇರೆ. ನನಗೆ ಅನಿಸುವುದು ಇಷ್ಟು: ನಮ್ಮ ಕಡೆಯ ಹೆಣ್ಣುಮಗಳು ಓಟು ಹಾಕುವಾಗ ಇರುವಷ್ಟು ಸ್ವತಂತ್ರಳಾಗಿ ಅಧ್ಯಕ್ಷೆಯ ಕುರ್ಚಿಯಲ್ಲಿ ಇರುವುದಿಲ್ಲ. ಮತಗಟ್ಟೆಯಲ್ಲಿ ಕಾನೂನು ಗಂಡನನ್ನು ಹೊರಗೆ ನಿಲ್ಲಿಸುತ್ತದೆ. ಪಂಚಾಯಿತಿ ಕಚೇರಿಯ ಬಾಗಿಲಲ್ಲಿ ಅವನನ್ನು ತಡೆಯುವವರಿಲ್ಲ.

ಸೀಟು ಬಂದದ್ದು ಹೇಗೆ

ಈ ವಿಷಯದಲ್ಲಿ ಕರ್ನಾಟಕ ದೇಶಕ್ಕಿಂತ ಮುಂದಿತ್ತು. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ, ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಮಂತ್ರಿ. ಊರೂರಿಗೆ ಬೋರ್‌ವೆಲ್ ಕೊರೆಸಿ 'ನೀರ್ ಸಾಬ್' ಅನಿಸಿಕೊಂಡವರು ಅವರೇ. ಅವರ ಕಾಲದ 1983ರ ಕಾಯ್ದೆ ಮಹಿಳೆಯರಿಗೆ ಶೇ. 25 ಸೀಟು ಇಟ್ಟಿತು. 1987ರಲ್ಲಿ ಅದರಂತೆ ಚುನಾವಣೆ ನಡೆಯಿತು. ದೇಶಕ್ಕೆಲ್ಲ ಅನ್ವಯಿಸುವ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರ ಏಪ್ರಿಲ್ 24ರಂದು. ಮೂರನೇ ಒಂದಕ್ಕೆ ಕಡಿಮೆ ಇಲ್ಲದಂತೆ ಸೀಟು ಕೊಡಬೇಕು, ಅಧ್ಯಕ್ಷ ಸ್ಥಾನದಲ್ಲೂ ಕೊಡಬೇಕು ಎಂದು ಅದು ಹೇಳಿತು. ಕರ್ನಾಟಕ 2010ರಲ್ಲಿ ತನ್ನ ಕಾಯ್ದೆ ತಿದ್ದಿ ಅದನ್ನು ಅರ್ಧಕ್ಕೆ ಏರಿಸಿತು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗದ ಸೀಟುಗಳ ಒಳಗೂ ಮಹಿಳೆಯರ ಪಾಲು ಇದೆ.

ಗ್ರಾಮ ಪಂಚಾಯಿತಿಯಲ್ಲಿ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯರು. ಒಂದೇ ವಾರ್ಡಿನಲ್ಲಿ ಎರಡು ಮೂರು ಸೀಟು ಇರಬಹುದು. ಎಷ್ಟು ಸೀಟೋ ಅಷ್ಟು ಓಟು ಒಬ್ಬರಿಗೆ. ಪಕ್ಷದ ಚಿಹ್ನೆ ಇರುವುದಿಲ್ಲ, ಆದರೆ ಯಾರು ಯಾವ ಪಕ್ಷದ ಕಡೆಯವರು ಎನ್ನುವುದು ಊರಿನ ಸಣ್ಣ ಹುಡುಗನಿಗೂ ಗೊತ್ತು.

ಇಲ್ಲಿ ನಿಜವಾದ ಆಟ ಶುರುವಾಗುವುದು ಮೀಸಲಾತಿ ಪಟ್ಟಿ ಹೊರಬಿದ್ದ ದಿನ. ಒಬ್ಬ ಮೂರು ವರ್ಷದಿಂದ ಮದುವೆ, ಮುಂಜಿ, ಜಾತ್ರೆಗೆಲ್ಲ ಕೈ ಬಿಚ್ಚಿ ಖರ್ಚು ಮಾಡಿ ಹವಾ ಮಾಡಿಕೊಂಡಿರುತ್ತಾನೆ. ಪಟ್ಟಿ ನೋಡಿದರೆ ಅವನ ವಾರ್ಡಿನ ಮುಂದೆ 'ಮಹಿಳೆ' ಅಂತ ಬರೆದಿರುತ್ತದೆ. ಮಾಡಿದ ಖರ್ಚು ನೀರಿಗೆ ಹಾಕುವವನೇ? ನಾಮಪತ್ರಕ್ಕೆ ಹೆಂಡತಿ, ಅವ್ವ ಅಥವಾ ನಾದಿನಿಯ ಹೆಸರು ಬೀಳುತ್ತದೆ. ಅಂದರೆ ಆ ಹೆಣ್ಣುಮಗಳು ಗೆಲ್ಲುವ ಮೊದಲೇ ಗೆಲುವಿನ ಬಂಡವಾಳ ಬೇರೆಯವರದಾಗಿರುತ್ತದೆ. ಮುಂದೆ ಕಚೇರಿಯಲ್ಲಿ ಕಾಣುವುದಕ್ಕೆಲ್ಲ ಬೇರು ಇಲ್ಲಿದೆ.

ಸೀಟು ಹರಾಜು ಹಾಕುವ ಪದ್ಧತಿ ಇನ್ನೂ ಕೆಟ್ಟದ್ದು. 2020ರ ಡಿಸೆಂಬರಿನ ಚುನಾವಣೆ ಹೊತ್ತಿಗೆ ಬಳ್ಳಾರಿ, ಕಲಬುರಗಿ ಕಡೆಯಿಂದ ಇಂಥ ಸುದ್ದಿ ಸಾಲುಸಾಲಾಗಿ ಬಂದವು. ಗುಡಿ ಕಟ್ಟಲು ಇಷ್ಟು ಲಕ್ಷ ಕೊಟ್ಟವರಿಗೆ ಸೀಟು, ಉಳಿದವರು ನಾಮಪತ್ರ ಹಾಕುವಂತಿಲ್ಲ. ಆ ಹರಾಜು ನಡೆಯುವುದು ಗುಡಿ ಮುಂದಿನ ಕಟ್ಟೆಯ ಮೇಲೆ. ಅಲ್ಲಿ ಹೆಣ್ಣುಮಕ್ಕಳು ಕೂರುವ ರೂಢಿಯೇ ಇಲ್ಲ. ಮಹಿಳಾ ಸೀಟು ಕೂಡ ಗಂಡಸರೇ ಕೂಗಿ ಗಂಡಸರೇ ಕೊಳ್ಳುವ ಮಾಲಾಗುತ್ತದೆ, ಮತ್ತು ಊರಿನ ಹೆಣ್ಣುಮಕ್ಕಳ ಓಟಿಗೆ ಕೆಲಸವೇ ಉಳಿಯುವುದಿಲ್ಲ.

ಸಹಿ ಯಾರದು, ನೋಟಿಸ್ ಯಾರಿಗೆ

ಪಂಚಾಯಿತಿಯ ದುಡ್ಡು ಹೊರಹೋಗಬೇಕಾದರೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮತ್ತು ಅಧ್ಯಕ್ಷರು ಇಬ್ಬರೂ ಒಪ್ಪಬೇಕು. ಮೊದಲು ಚೆಕ್ಕಿಗೆ ಇಬ್ಬರ ಸಹಿ ಇರುತ್ತಿತ್ತು. ಈಗ ಡಿಜಿಟಲ್ ಸಹಿ. ಪೆನ್‌ಡ್ರೈವ್‌ನಂಥ ಒಂದು ಸಣ್ಣ ಸಾಧನ ಕೊಡುತ್ತಾರೆ, ಎಲ್ಲರೂ ಅದನ್ನು ಡೋಂಗಲ್ ಅನ್ನುತ್ತಾರೆ. ಕಂಪ್ಯೂಟರಿಗೆ ಚುಚ್ಚಿ ಪಿನ್ ಹೊಡೆದರೆ ಬಿಲ್ ಪಾಸು.

ಚೆಕ್ಕಿನ ಕಾಲದಲ್ಲಿ ಕಷ್ಟವೋ ಸುಖವೋ ಪುಸ್ತಕ ಆಕೆಯ ಮುಂದೆ ಬರಬೇಕಿತ್ತು. ಹೆಬ್ಬೆಟ್ಟು ಒತ್ತುವ ಕಾಲದಿಂದ 'ನಾನೂ ಸಹಿ ಮಾಡ್ತೀನಿ' ಅಂತ ಹೆಸರು ಬರೆಯಲು ಕಲಿತ ಅಧ್ಯಕ್ಷೆಯರು ಎಷ್ಟೋ ಮಂದಿ ಇದ್ದಾರೆ. "ಇದು ಯಾತರದು?" ಅಂತ ಒಂದು ಮಾತು ಕೇಳಲು ಅಲ್ಲಿ ಜಾಗವಿತ್ತು. ಡೋಂಗಲ್‌ಗೆ ಆಕೆ ಎದುರಿಗೆ ಇರಬೇಕಾಗಿಯೇ ಇಲ್ಲ. ಅದು ಆಪರೇಟರ್ ಟೇಬಲ್ಲಿನ ಡ್ರಾದಲ್ಲಿ ಇರಬಹುದು, ಗಂಡನ ಕಿಸೆಯಲ್ಲಿ ಬೈಕಿನ ಕೀಲಿಯ ಜೊತೆ ಇರಬಹುದು. ಪಿನ್ ನಾಲ್ಕು ಜನಕ್ಕೆ ಗೊತ್ತಿರುತ್ತದೆ, ಆಕೆಯನ್ನು ಬಿಟ್ಟು. ಪಾರದರ್ಶಕತೆಗೆ ಅಂತ ಬಂದ ವ್ಯವಸ್ಥೆ ಅಧ್ಯಕ್ಷೆಯನ್ನು ಮನೆಯಲ್ಲೇ ಕೂರಿಸಿ ಆಡಳಿತ ನಡೆಸುವುದನ್ನು ಮೊದಲಿಗಿಂತ ಸಲೀಸು ಮಾಡಿಬಿಟ್ಟಿತು. ಇದನ್ನು ಯಾರೂ ಜಾಸ್ತಿ ಮಾತಾಡುವುದಿಲ್ಲ.

ಲೆಕ್ಕದಲ್ಲಿ ತಪ್ಪು ಸಿಕ್ಕರೆ? ಚರಂಡಿ ಆಗಿಲ್ಲ, ಬಿಲ್ ಆಗಿದೆ ಅಂತ ಯಾರೋ ದೂರು ಕೊಟ್ಟರೆ? ವಿಚಾರಣೆಗೆ ಕರೆಯುವುದು ಆಕೆಯನ್ನು. ಗಂಡನ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ. ಸಾಮಾನ್ಯ ಸಭೆಯಲ್ಲಿ ಅವನಿಗೆ ಓಟಿಲ್ಲ, ಠರಾವಿನಲ್ಲಿ ಸಹಿ ಇಲ್ಲ. ಅಧಿಕಾರ ಪೂರ್ತಿ ಅವನದು, ಹೊಣೆ ಪೂರ್ತಿ ಆಕೆಯದು.

ಇದು ನಮ್ಮ ಕಡೆಯ ಒಂದೇ ರೋಗವಲ್ಲ, ದೇಶವೆಲ್ಲ ಇದೆ. ಸುಪ್ರೀಂ ಕೋರ್ಟಿನ ತನಕ ವಿಷಯ ಹೋದ ಮೇಲೆ ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ 2023ರಲ್ಲಿ ಸಮಿತಿ ಮಾಡಿತು. 2025ರಲ್ಲಿ ಬಂದ ವರದಿ, ಹೆಂಡತಿಯ ಹೆಸರಲ್ಲಿ ಆಡಳಿತ ಮಾಡುವುದು ಸಾಬೀತಾದರೆ ಕಠಿಣ ದಂಡ ಇರಲಿ ಎಂದಿತು. ಕೇಳಲು ಚೆನ್ನಾಗಿದೆ. ಆದರೆ ದಂಡ ಎಂದು ಆಕೆಯ ಸದಸ್ಯತ್ವವನ್ನೇ ಕಿತ್ತರೆ ಕಳೆದುಕೊಂಡವರು ಯಾರು? ಅವನು ಮುಂದಿನ ಸಲ ತಮ್ಮನ ಹೆಂಡತಿಯನ್ನು ನಿಲ್ಲಿಸುತ್ತಾನೆ. ದಂಡಕ್ಕಿಂತ ಮೊದಲು ಪಿನ್ ಬದಲಿಸುವುದನ್ನು ಆಕೆಗೆ ಕಲಿಸುವುದು ಅಗ್ಗದ ಕೆಲಸ. ಡೋಂಗಲ್ ಬದಲು ಹೆಬ್ಬೆರಳ ಗುರುತು ಅಥವಾ ಆಕೆಯ ಸ್ವಂತ ಫೋನಿಗೆ ಒಟಿಪಿ ಬರುವಂತೆ ಮಾಡಿದರೂ ಸಾಕಷ್ಟು ಬದಲಾದೀತು, ಫೋನ್ ಆಕೆಯ ಕೈಯಲ್ಲಿದ್ದರೆ.

ಹಾಗಂತ ಮೀಸಲಾತಿಯೇ ವ್ಯರ್ಥ ಅನ್ನುವವರ ಜೊತೆ ನಾನಿಲ್ಲ. ರಾಘಬೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೋ 2004ರಲ್ಲಿ ಪ್ರಕಟಿಸಿದ ಅಧ್ಯಯನ ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನದ ಪಂಚಾಯಿತಿಗಳದ್ದು. ಮಹಿಳೆಗೆ ಮೀಸಲಾದ ಕಡೆ ಹೆಣ್ಣುಮಕ್ಕಳು ಕೇಳುವ ಕೆಲಸಗಳಿಗೆ, ಅದರಲ್ಲೂ ಕುಡಿಯುವ ನೀರಿಗೆ, ಹಣ ಹೆಚ್ಚು ಹೋಗಿತ್ತು. ನಮ್ಮ ಕಡೆ ಇದರ ಅರ್ಥ ತಿಳಿಯಲು ಅಧ್ಯಯನ ಬೇಕಿಲ್ಲ. ಕುಷ್ಟಗಿ, ಯಲಬುರ್ಗಾ ಕಡೆ ಬೋರಿನ ನೀರಲ್ಲಿ ಫ್ಲೋರೈಡ್. ಶುದ್ಧ ನೀರಿನ ಘಟಕ ಕೆಟ್ಟು ನಿಂತರೆ ಕ್ಯಾನು ಹೊತ್ತು ಪಕ್ಕದೂರಿಗೆ ಹೋಗುವುದು ಯಾರು ಅಂತ ಎಲ್ಲರಿಗೂ ಗೊತ್ತು. ಸಭೆಯಲ್ಲಿ ಅದನ್ನು ಮೊದಲು ಎತ್ತುವುದೂ ಅವರೇ.

ಎಲ್ಲರೂ ಗಂಡನ ನೆರಳಲ್ಲೇ ಬಂದವರಲ್ಲ. 2000ದ ಹೊತ್ತಿಗೆ ಶುರುವಾದ ಸ್ತ್ರೀಶಕ್ತಿ ಸಂಘಗಳು, ಆಮೇಲಿನ ಸಂಜೀವಿನಿ ಒಕ್ಕೂಟಗಳಲ್ಲಿ ಲೆಕ್ಕ ಬರೆದವರು, ಬ್ಯಾಂಕ್ ಮ್ಯಾನೇಜರ್ ಜೊತೆ ಜಗಳ ಆಡಿದವರು, ಉದ್ಯೋಗ ಖಾತ್ರಿಯಲ್ಲಿ ಕಾಯಕ ಬಂಧುವಾಗಿ ಹಾಜರಿ ತೆಗೆದವರು ಪಂಚಾಯಿತಿಗೆ ಬಂದಾಗ ಕಥೆಯೇ ಬೇರೆ. ಅವರಿಗೆ ಊರಿನ ದುಡ್ಡಿನ ಲೆಕ್ಕ ಹೊಸದಲ್ಲ. ಅವರ ಓಟೂ ಸಂಘದ ಓಟು, ಮನೆಯ ಯಜಮಾನ ತಂದುಕೊಟ್ಟದ್ದಲ್ಲ. ಇಂಥವರಿಗೆ ಕಾಯ್ದೆಯೇ ಒಂದು ಅಡ್ಡಿ. ಮೀಸಲಾತಿ ಚುನಾವಣೆಯಿಂದ ಚುನಾವಣೆಗೆ ಸುತ್ತುತ್ತದೆ, ಅಧ್ಯಕ್ಷಗಿರಿಗೆ 30 ತಿಂಗಳು. ಕೆಲಸ ಕೈಗೆ ಹತ್ತುವ ಹೊತ್ತಿಗೆ ಅವಧಿ ಮುಗಿಯುತ್ತದೆ, ಮುಂದಿನ ಸಲ ವಾರ್ಡು 'ಸಾಮಾನ್ಯ' ಆಗುತ್ತದೆ. ಸಾಮಾನ್ಯ ಸೀಟಿಗೆ ಹೆಣ್ಣುಮಕ್ಕಳೂ ನಿಲ್ಲಬಹುದು. ಆದರೆ ಊರಲ್ಲಿ ಅದನ್ನು 'ಗಂಡಸರ ಸೀಟು' ಅಂತಲೇ ಓದುತ್ತಾರೆ.

ಮತಗಟ್ಟೆಯ ಒಳಗೆ

ಈಗ ಓಟಿನ ಕಥೆ. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. 1921ರಲ್ಲಿ ಆ ಪ್ರಾಂತ್ಯ ಹೆಣ್ಣುಮಕ್ಕಳಿಗೆ ಓಟು ಕೊಟ್ಟಿತು, ಆಸ್ತಿಪಾಸ್ತಿ ಇದ್ದ ಕೆಲವರಿಗೆ ಮಾತ್ರ. ರಾಯಚೂರು, ಕೊಪ್ಪಳ ನಿಜಾಮರ ಕೆಳಗಿದ್ದವು. ಎಲ್ಲರಿಗೂ ಓಟು ಬಂದದ್ದು ಸಂವಿಧಾನದ ಜೊತೆ, 1951-52ರ ಮೊದಲ ಮಹಾಚುನಾವಣೆಯಲ್ಲಿ. ಆಗ ಉತ್ತರದ ಕೆಲವು ರಾಜ್ಯಗಳಲ್ಲಿ ಲಕ್ಷಾಂತರ ಹೆಂಗಸರು ಪಟ್ಟಿ ಮಾಡುವವರಿಗೆ ಹೆಸರು ಹೇಳಲಿಲ್ಲ. ಇಂಥವನ ಹೆಂಡತಿ, ಇಂಥವನ ತಾಯಿ ಅಂದರು ಅಷ್ಟೇ. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಒಪ್ಪಲಿಲ್ಲ. ಸ್ವಂತ ಹೆಸರಿಲ್ಲದ ಸುಮಾರು 28 ಲಕ್ಷ ಮಂದಿಯನ್ನು ಪಟ್ಟಿಯಿಂದ ಕೈಬಿಟ್ಟರು. ಕಠಿಣ ನಿರ್ಧಾರ, ಆದರೆ ಮುಂದಿನ ಸಲ ಹೆಸರು ಹೇಳುವಂತಾಯಿತು.

1962ರಲ್ಲಿ ದೇಶದಲ್ಲಿ ಗಂಡಸರ ಮತದಾನ ಶೇ. 63ರಷ್ಟಿದ್ದರೆ ಹೆಂಗಸರದು 47 ಕೂಡ ಮುಟ್ಟಿರಲಿಲ್ಲ. 2019ರ ಲೋಕಸಭೆ ಚುನಾವಣೆಯಲ್ಲಿ ಹೆಂಗಸರು ಕೂದಲೆಳೆಯಷ್ಟು ಮುಂದೆ ಹೋದರು. 2024ರಲ್ಲೂ ಹಾಗೇ, ಹೆಂಗಸರು 65.78, ಗಂಡಸರು 65.55. ಸಾಲಿಗೆ ಬಂದು ನಿಲ್ಲುವುದರಲ್ಲಿ ಹಿಂದುಳಿದಿಲ್ಲ ಎನ್ನುವುದು ಅಲ್ಲಿಗೆ ಇತ್ಯರ್ಥ. ಒಳಗೆ ಹೋಗಿ ಯಾರ ಮಾತು ಕೇಳುತ್ತಾರೆ ಎನ್ನುವುದು ಉಳಿದ ಪ್ರಶ್ನೆ.

ವಿಧಾನಸಭೆ, ಲೋಕಸಭೆ ಚುನಾವಣೆಯ ದಿನ ಮತಗಟ್ಟೆಯಲ್ಲಿ ಏನಾಗುತ್ತದೆ ನೋಡಿ. ಹೆಣ್ಣುಮಕ್ಕಳಿಗೆ ಬೇರೆ ಸಾಲು. ಮೊದಲ ಟೇಬಲ್ಲಿನವರು ಹೆಸರು ಜೋರಾಗಿ ಓದುತ್ತಾರೆ. ಪಕ್ಷದ ಏಜೆಂಟರು ತಮ್ಮ ಪಟ್ಟಿಯಲ್ಲಿ ಗೀಟು ಹಾಕಿಕೊಳ್ಳುತ್ತಾರೆ. ಎಡಗೈ ತೋರುಬೆರಳಿಗೆ ಶಾಯಿ, ಪುಸ್ತಕದಲ್ಲಿ ಸಹಿ ಅಥವಾ ಹೆಬ್ಬೆಟ್ಟು, ಆಮೇಲೆ ರಟ್ಟಿನ ಮರೆ. ಅದರ ಹಿಂದೆ ಮಷಿನ್ನು. ಹೆಸರಿನ ಪಕ್ಕ ಚಿಹ್ನೆ, ಅಭ್ಯರ್ಥಿಯ ಫೋಟೋ. ಗುಂಡಿ ಒತ್ತಿದರೆ ಪಕ್ಕದ ವಿವಿಪ್ಯಾಟ್ ಗಾಜಿನಲ್ಲಿ ಒಂದು ಚೀಟಿ 7 ಸೆಕೆಂಡು ಕಂಡು ಕೆಳಗೆ ಬೀಳುತ್ತದೆ. ಆ 7 ಸೆಕೆಂಡು ಅದನ್ನು ನೋಡುವವಳು ಆಕೆ ಒಬ್ಬಳೇ. ಆಕೆ ಬಂದು ಹೋದದ್ದು ಪುಸ್ತಕದಲ್ಲಿ ದಾಖಲಾಗುತ್ತದೆ, ಯಾರಿಗೆ ಹಾಕಿದಳು ಎನ್ನುವುದು ಎಲ್ಲೂ ಆಕೆಯ ಹೆಸರಿನ ಜೊತೆ ದಾಖಲಾಗುವುದಿಲ್ಲ.

"ನಮ್ಮಾಕಿಗೆ ಓದಾಕ ಬರಂಗಿಲ್ರಿ, ನಾನ ಜೋಡಿ ಹೋಗ್ತೀನಿ" ಅಂತ ಬಾಗಿಲಲ್ಲಿ ವಾದ ಮಾಡುವವರು ಇರುತ್ತಾರೆ. ನಿಯಮ ಇಲ್ಲಿ ಬಹಳ ಸ್ಪಷ್ಟ. ಕಣ್ಣು ಕಾಣದವರು, ದೈಹಿಕ ತೊಂದರೆಯಿಂದ ತಾವೇ ಗುಂಡಿ ಒತ್ತಲಾಗದವರು ಜೊತೆಗೊಬ್ಬರನ್ನು ಕರೆದೊಯ್ಯಬಹುದು. ಆ ಜೊತೆಗಾರರಿಗೆ 18 ತುಂಬಿರಬೇಕು, ಗುಟ್ಟು ಕಾಯುತ್ತೇನೆ ಅಂತ ಬರೆದುಕೊಡಬೇಕು, ಆ ದಿನ ಇನ್ನೊಬ್ಬರಿಗೆ ಜೊತೆ ಹೋಗುವಂತಿಲ್ಲ. ಓದು ಬಾರದಿರುವುದು ಈ ಲೆಕ್ಕಕ್ಕೆ ಬರುವುದಿಲ್ಲ. 2011ರ ಜನಗಣತಿಯಂತೆ ರಾಯಚೂರು ಜಿಲ್ಲೆಯಲ್ಲಿ ಮಹಿಳೆಯರ ಸಾಕ್ಷರತೆ ಶೇ. 49ರ ಆಸುಪಾಸು, ಕೊಪ್ಪಳ ಮತ್ತು ಬಳ್ಳಾರಿಯಲ್ಲಿ 58ರ ಆಸುಪಾಸು. ಓದು ಬಾರದ ಉಳಿದ ಅಷ್ಟೂ ಮಂದಿಯ ಜೊತೆ ಗಂಡಂದಿರು ಒಳಗೆ ಹೋಗುವಂತಿದ್ದರೆ ಗುಟ್ಟಿನ ಮತದಾನ ಅನ್ನುವುದೇ ಇರುತ್ತಿರಲಿಲ್ಲ.

ಹೀಗಾಗಿ ಮನೆಯಲ್ಲಿ "ಹೂಂ" ಅಂದು ಒಳಗೆ ತನಗೆ ಬೇಕಾದ ಗುಂಡಿ ಒತ್ತಿ ಬರುವುದು ಸಾಧ್ಯ. ಮಾಡುವವರೂ ಇದ್ದಾರೆ. ನಾಟಿ ಹಚ್ಚುವಾಗ, ಹತ್ತಿ ಬಿಡಿಸುವಾಗ ಹೆಣ್ಣಾಳುಗಳ ಮಾತು ಕೇಳಿಸಿಕೊಂಡವರಿಗೆ ಇದು ಹೊಸ ಸುದ್ದಿಯಲ್ಲ. "ಹೇಳೋರು ಹೇಳ್ತಾರ ಬೇ, ಒತ್ತೋ ಬಟ್ಟು ನಂದಲ್ಲೇನು?"

ಈ ಗುಟ್ಟನ್ನು ಮುರಿಯಲು ಇರುವ ಹಳೇ ಉಪಾಯ ಆಣೆ. ದುಡ್ಡು ಕೊಟ್ಟು ದೇವರ ಫೋಟೋ ಮುಟ್ಟಿಸುತ್ತಾರೆ, ಭಂಡಾರ ಹಿಡಿಸುತ್ತಾರೆ. ಗಂಡಸರಿಗೆ ರಾತ್ರಿ ಬಾಟಲಿ, ಹೆಂಗಸರಿಗೆ ಹಗಲು ಸೀರೆ ಮತ್ತು ಆಣೆ. ತಪ್ಪಿದರೆ ಮಕ್ಕಳಿಗೆ ಕೇಡು ಅನ್ನುವ ಅಂಜಿಕೆ ರಟ್ಟಿನ ಮರೆಯ ಹಿಂದೂ ಬೆನ್ನು ಬಿಡುವುದಿಲ್ಲ. ಇದಕ್ಕೂ ಕಾನೂನಿನಲ್ಲಿ ಉತ್ತರವಿದೆ. ಜನಪ್ರತಿನಿಧಿ ಕಾಯ್ದೆಯ 123ನೇ ಕಲಂ ಭ್ರಷ್ಟ ಆಚರಣೆಗಳನ್ನು ಪಟ್ಟಿ ಮಾಡುತ್ತದೆ. ಲಂಚ ಅದರಲ್ಲಿ ಒಂದು. ದೇವರ ಸಿಟ್ಟಿಗೆ ಗುರಿಯಾಗುತ್ತೀರಿ ಅಂತ ಮತದಾರರನ್ನು ನಂಬಿಸುವುದೂ ಅದೇ ಪಟ್ಟಿಯಲ್ಲಿದೆ. ಅಂದರೆ ಆಣೆ ಮಾಡಿಸುವುದೇ ತಪ್ಪು. ಮತದಾರರ ಜಾಗೃತಿ ಅಂತ ಪ್ರತಿ ಸಲ ರಂಗೋಲಿ, ಜಾಥಾ, ಬಲೂನು ಎಲ್ಲ ಆಗುತ್ತವೆ. 'ಅವ್ವಾ, ಆಣೆ ಮಾಡಿಸಿದ್ದು ಅವರ ಪಾಪ, ನಿಮ್ಮದಲ್ಲ' ಅಂತ ಒಂದು ಮಾತು ಊರಿನ ಪೂಜಾರಿಯಿಂದ ಹೇಳಿಸಿದರೆ ಅದರ ಹತ್ತು ಪಟ್ಟು ಕೆಲಸ ಆದೀತು.

ಒಬ್ಬರ ಓಟು ಗುಟ್ಟು. ಆದರೆ ಒಂದು ಬೂತಿನ ಒಟ್ಟು ಓಟು ಗುಟ್ಟಲ್ಲ. ಎಣಿಕೆ ಮುಗಿದ ಮೇಲೆ ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಬಿತ್ತು ಅನ್ನುವ ಪಟ್ಟಿ ಹೊರಬರುತ್ತದೆ. ಊರಿಗೊಂದು ಬೂತು ಇದ್ದರೆ, ಕೇರಿಗೊಂದು ಬೂತು ಇದ್ದರೆ, ಯಾವ ಕೇರಿ ಕೈಕೊಟ್ಟಿತು ಎಂದು ನಾಯಕರು ಬೆರಳು ಮಡಚಿ ಎಣಿಸುತ್ತಾರೆ. ಆ ಸಿಟ್ಟು ನೀರಿನ ಟ್ಯಾಂಕರ್, ಮನೆ ಮಂಜೂರಿ ಮೇಲೆ ತೀರುತ್ತದೆ. ಹಲವು ಬೂತುಗಳ ಓಟು ಕೂಡಿಸಿ ಎಣಿಸುವ ಟೋಟಲೈಸರ್ ಯಂತ್ರದ ಪ್ರಸ್ತಾವವನ್ನು ಚುನಾವಣಾ ಆಯೋಗ 2008ರಲ್ಲೇ ಇಟ್ಟಿತ್ತು. ಕಾನೂನು ಆಯೋಗವೂ 2015ರಲ್ಲಿ ಬೇಕು ಅಂದಿತು. ಸರ್ಕಾರ ಒಪ್ಪಲಿಲ್ಲ. ಕೇರಿಯ ಬಡ ಹೆಣ್ಣುಮಗಳಿಗೆ ಗಂಡನ ಅಂಜಿಕೆಗಿಂತ ಈ ಅಂಜಿಕೆ ಕಡಿಮೆಯದೇನಲ್ಲ.

'ಮನೆಯ ಓಟು' ಅಂದರೆ

ಮನೆಯವರೆಲ್ಲ ಒಬ್ಬರಿಗೇ ಹಾಕಿದರೆ ಹೆಂಡತಿಗೆ ಸ್ವಂತ ಬುದ್ಧಿ ಇಲ್ಲ ಅಂತ ಅರ್ಥವೇ? ಹಾಗಾದರೆ ಜಾತಿಯ ಹಿರಿಯರು ಹೇಳಿದವರಿಗೆ, ಸಾಲ ಕೊಟ್ಟ ಗೌಡರು ಹೇಳಿದವರಿಗೆ ಹಾಕುವ ಗಂಡನಿಗೆ ಎಷ್ಟು ಬುದ್ಧಿ ಇದೆ? ಈ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳುವುದಿಲ್ಲ ಅಲ್ವಾ. ಒಂದೇ ಮನೆ, ಒಂದೇ ಹೊಲ, ಒಂದೇ ಸಾಲ ಇದ್ದಾಗ ಇಬ್ಬರ ಲೆಕ್ಕಾಚಾರ ಒಂದೇ ಆಗುವುದು ಸಹಜ. ಸ್ವತಂತ್ರ ಓಟು ಅಂದರೆ ಗಂಡನಿಗೆ ವಿರುದ್ಧವಾದ ಓಟು ಅಂತಲ್ಲ. ಬೇರೆ ಅನಿಸಿದಾಗ ಬೇರೆ ಹಾಕಲು ಆಗುತ್ತದೆಯೇ ಎನ್ನುವುದನ್ನಷ್ಟೇ ನೋಡಬೇಕು.

ಬೇರೆ ಅನಿಸಬೇಕಾದರೆ ಬೇರೆ ಸುದ್ದಿ ಕಿವಿಗೆ ಬೀಳಬೇಕು, ಕೈಯಲ್ಲಿ ನಾಲ್ಕು ಕಾಸು ಇರಬೇಕು. 2013ರ ಆಹಾರ ಭದ್ರತಾ ಕಾಯ್ದೆ ರೇಷನ್ ಕಾರ್ಡಿನಲ್ಲಿ ಮನೆಯ ಹಿರಿಯ ಹೆಂಗಸನ್ನೇ ಯಜಮಾನಿ ಮಾಡಿತು. ಆಗ ಅದು ಸುಮ್ನೆ ಕಾಗದದ ಮಾತು ಅನಿಸಿತ್ತು. 2023ರ ಆಗಸ್ಟಿನಲ್ಲಿ ಶುರುವಾದ ಗೃಹಲಕ್ಷ್ಮಿಯ 2,000 ರೂಪಾಯಿ ಅದೇ ಯಜಮಾನಿಯ ಖಾತೆಗೆ ಬೀಳತೊಡಗಿದಾಗ ಆ ಕಾಗದಕ್ಕೆ ತೂಕ ಬಂತು. ಅದೇ ವರ್ಷ ಜೂನಿನಿಂದ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡು ಇಲ್ಲ. ಲಿಂಗಸುಗೂರಿನ ತಾಲೂಕು ಕಚೇರಿಗೆ ಹೋಗಲು ಗಂಡನ ಕೈ ನೋಡುವುದು ತಪ್ಪಿತು. ಇದು ಓಟಿನ ಲಂಚ ಅನ್ನುವವರು ಇದ್ದಾರೆ, ಇದೇ ಸಬಲೀಕರಣ ಅನ್ನುವವರೂ ಇದ್ದಾರೆ. 2024ರಲ್ಲಿ ಕಲ್ಯಾಣ ಕರ್ನಾಟಕದ 5 ಲೋಕಸಭಾ ಸೀಟೂ ಕಾಂಗ್ರೆಸ್‌ಗೆ ಹೋದಾಗ 'ಇದು ಹೆಣ್ಣುಮಕ್ಕಳ ಓಟು' ಅಂದವರು ಬಹಳ. ಇರಬಹುದು. ಮಷಿನ್ನು ಹೆಣ್ಣೋಟು ಗಂಡೋಟು ಅಂತ ಬೇರೆ ಎಣಿಸುವುದಿಲ್ಲವಾದ್ದರಿಂದ ಅಷ್ಟು ಖಡಾಖಂಡಿತವಾಗಿ ಯಾರೂ ಹೇಳಲಾರರು. ಆ ಐದೂ ಕಡೆ ಗೆದ್ದವರು ಗಂಡಸರು, ಅದನ್ನಂತೂ ಹೇಳಬಹುದು.

ಬೇರೆ ಅನಿಸಿದರೂ ಆ ಅನಿಸಿಕೆಗೆ ತಕ್ಕ ಅಭ್ಯರ್ಥಿ ಸಿಗದಿರುವುದು ಇನ್ನೊಂದು ಫಜೀತಿ. 2019ರ ಜನವರಿಯಲ್ಲಿ ಮದ್ಯ ನಿಷೇಧ ಆಂದೋಲನದ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡು ಹೋದರು. ಅದರಲ್ಲಿ ರಾಯಚೂರು ಕಡೆಯವರು ದೊಡ್ಡ ಸಂಖ್ಯೆಯಲ್ಲಿದ್ದರು. ಕೂಲಿ ಬಿಟ್ಟು, ಮನೆ ಬಿಟ್ಟು ಸುಮಾರು 200 ಕಿಲೋಮೀಟರ್ ನಡೆಯುವುದಕ್ಕಿಂತ ಸ್ಪಷ್ಟವಾದ ರಾಜಕೀಯ ಬೇಡಿಕೆ ಇದೆಯೇ? ಆದರೆ ಅಬಕಾರಿ ಆದಾಯ ಬಿಡಲು ಯಾವ ದೊಡ್ಡ ಪಕ್ಷವೂ ತಯಾರಿಲ್ಲ. ಮತಗಟ್ಟೆಯ ಮಷಿನ್ನಿನಲ್ಲಿ ಆ ಬೇಡಿಕೆಗೆ ಗುಂಡಿಯೇ ಇಲ್ಲ.

ಪಟ್ಟಿಯಲ್ಲಿ ಹೆಸರು ಇರುವುದರ ಬಗ್ಗೆ ಎರಡು ಮಾತು. ಮದುವೆಯಾಗಿ ಸಿಂಧನೂರಿನಿಂದ ಗಂಗಾವತಿಗೆ ಬಂದವಳ ಹೆಸರು ತಾನಾಗಿ ಬರುವುದಿಲ್ಲ, ನಮೂನೆ 8 ಕೊಡಬೇಕು. ಮತದಾರರ ಪಟ್ಟಿ ನೋಡಿಕೊಳ್ಳುವ ಬೂತ್ ಮಟ್ಟದ ಅಧಿಕಾರಿ, ಅಂದರೆ ಬಿಎಲ್‌ಒ, ಸಾಮಾನ್ಯವಾಗಿ ಊರಿನ ಅಂಗನವಾಡಿ ಟೀಚರೋ ಶಾಲೆಯ ಮೇಷ್ಟ್ರೋ ಆಗಿರುತ್ತಾರೆ, ಅವರ ಕೈಗೇ ಕೊಟ್ಟರಾಯಿತು. ನಮೂನೆಯಲ್ಲಿ ಗಂಡನ ಹೆಸರೇ ಬೇಕೆಂದಿಲ್ಲ, ತಾಯಿಯ ಹೆಸರೂ ನಡೆಯುತ್ತದೆ. 1982ರಲ್ಲೇ ಕಾಯ್ದೆ ಮಾಡಿ ನಿಷೇಧಿಸಿದ ದೇವದಾಸಿ ಪದ್ಧತಿಯ ಗಾಯ ಹೊತ್ತ ಕುಟುಂಬಗಳು ಈ ಮೂರೂ ಜಿಲ್ಲೆಗಳಲ್ಲಿವೆ. ಆ ಮನೆಯ ಹೆಣ್ಣುಮಕ್ಕಳಿಗೆ ಇದು ಗೊತ್ತಿರಬೇಕು. ಇನ್ನು ಬೇಸಿಗೆಯಲ್ಲಿ ಗುಳೆ. ಬೆಂಗಳೂರಿನ ಕಟ್ಟಡದ ಶೆಡ್ಡಿನಲ್ಲಿರುವ ಗಂಡ ಹೆಂಡತಿಯನ್ನು ಊರಿಗೆ ಕರೆತರಲು ಅಭ್ಯರ್ಥಿಗಳೇ ಗಾಡಿ ಕಳಿಸುತ್ತಾರೆ. ಮತಗಟ್ಟೆಗೆ ಮತದಾರರನ್ನು ಪುಕ್ಕಟೆ ಸಾಗಿಸುವುದೂ 123ನೇ ಕಲಂನ ಪಟ್ಟಿಯಲ್ಲಿದೆ. ಆ ಗಾಡಿ ಹತ್ತಿದವಳಿಗೆ ಆಣೆಯ ಅಗತ್ಯವೇ ಇಲ್ಲ, ಋಣ ಸಾಕು.

ಮೇಲಿನ ಮೆಟ್ಟಿಲು

ಬಳ್ಳಾರಿಯ ಹೆಸರು ದೇಶಕ್ಕೆಲ್ಲ ಗೊತ್ತಾದದ್ದು 1999ರಲ್ಲಿ. ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ಎದುರುಬದುರು ನಿಂತರು. ಸುಷ್ಮಾ ಕನ್ನಡ ಕಲಿತು ಭಾಷಣ ಮಾಡಿದರು, ಸುಮಾರು 56 ಸಾವಿರ ಓಟಿನಿಂದ ಸೋತರು. ಗೆದ್ದ ಸೋನಿಯಾ ಅಮೇಠಿ ಇಟ್ಟುಕೊಂಡು ಬಳ್ಳಾರಿ ಬಿಟ್ಟರು. ಅದಕ್ಕೂ ಮೊದಲು 1984, 1989, 1991ರಲ್ಲಿ ಬಸವರಾಜೇಶ್ವರಿ ಇಲ್ಲಿಂದ ಗೆದ್ದಿದ್ದರು. 2009ರಲ್ಲಿ ಜೆ. ಶಾಂತಾ ಗೆದ್ದರು. ಹೆಣ್ಣುಮಗಳಿಗೆ ಓಟು ಹಾಕಲು ಈ ಕಡೆಯ ಜನ ಹಿಂಜರಿದವರಲ್ಲ. ಟಿಕೆಟ್ ಕೊಡುವವರು ಹಿಂಜರಿಯುತ್ತಾರೆ.

ಈಗಿನ ಲೆಕ್ಕ: ರಾಯಚೂರಿನಲ್ಲಿ 7, ಕೊಪ್ಪಳದಲ್ಲಿ 5, ವಿಜಯನಗರ ಬೇರೆಯಾದ ಮೇಲೆ ಬಳ್ಳಾರಿಯಲ್ಲಿ 5, ಒಟ್ಟು 17 ವಿಧಾನಸಭಾ ಕ್ಷೇತ್ರ. 2023ರಲ್ಲಿ ಅಲ್ಲಿಂದ ಗೆದ್ದ ಹೆಣ್ಣುಮಗಳು ಒಬ್ಬರೇ, ದೇವದುರ್ಗದ ಕರೆಮ್ಮ ನಾಯಕ. 2024ರ ನವೆಂಬರಿನ ಉಪಚುನಾವಣೆಯಲ್ಲಿ ಸಂಡೂರಿನಿಂದ ಅನ್ನಪೂರ್ಣ ಗೆದ್ದ ಮೇಲೆ ಇಬ್ಬರು. ಗಂಡ ಇ. ತುಕಾರಾಂ ಲೋಕಸಭೆಗೆ ಹೋಗಿದ್ದರಿಂದ ತೆರವಾದ ಸೀಟು ಅದು. ಇಡೀ ರಾಜ್ಯದಲ್ಲಿ 2023ರಲ್ಲಿ ಗೆದ್ದ ಮಹಿಳೆಯರು 224ರಲ್ಲಿ 10. ಪಂಚಾಯಿತಿಯಲ್ಲಿ ಅರ್ಧ, ವಿಧಾನಸೌಧದಲ್ಲಿ ಇಪ್ಪತ್ತರಲ್ಲಿ ಒಂದೂ ಇಲ್ಲ.

ಇದನ್ನು ಬದಲಿಸಲು 2023ರ ಸೆಪ್ಟೆಂಬರಿನಲ್ಲಿ ಸಂವಿಧಾನದ 106ನೇ ತಿದ್ದುಪಡಿ ಆಯಿತು. ಇಂಥ ಮಸೂದೆ ಮೊದಲು ಬಂದದ್ದು 1996ರಲ್ಲಿ, ದೇವೇಗೌಡರು ಪ್ರಧಾನಿಯಾಗಿದ್ದಾಗ. ಲೋಕಸಭೆ, ವಿಧಾನಸಭೆಗಳಲ್ಲಿ ಮೂರನೇ ಒಂದು ಸೀಟು ಮಹಿಳೆಯರಿಗೆ ಎನ್ನುತ್ತದೆ ತಿದ್ದುಪಡಿ. ಆದರೆ ಅದು ಬರೆದಿರುವಂತೆ, ಮುಂದಿನ ಜನಗಣತಿ ಆಗಿ ಕ್ಷೇತ್ರಗಳ ಮರುವಿಂಗಡಣೆ ಆದ ಮೇಲಷ್ಟೇ ಜಾರಿ.

ಜಾರಿಯಾದಾಗ ಅದರ ಬಿಸಿ ಎಲ್ಲರಿಗಿಂತ ಮೊದಲು ತಟ್ಟುವುದು ಇಲ್ಲಿಗೇ. ಯಾಕೆಂದರೆ ಪರಿಶಿಷ್ಟ ಪಂಗಡದ ಸೀಟುಗಳ ಒಳಗೂ ಮೂರನೇ ಒಂದು ಮಹಿಳೆಯರಿಗೆ ಇಡಬೇಕು. ಕರ್ನಾಟಕದಲ್ಲಿ ಈಗ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು 15. ರಾಯಚೂರು ಗ್ರಾಮೀಣ, ಮಾನ್ವಿ, ದೇವದುರ್ಗ, ಮಸ್ಕಿ, ಬಳ್ಳಾರಿ ಗ್ರಾಮೀಣ, ಸಿರುಗುಪ್ಪ, ಕಂಪ್ಲಿ, ಸಂಡೂರು ಸೇರಿ 8 ಈ ಎರಡೇ ಜಿಲ್ಲೆಗಳಲ್ಲಿವೆ. ರಾಜ್ಯದಲ್ಲಿ ಪಂಗಡಕ್ಕೆ ಮೀಸಲಾದ ಲೋಕಸಭಾ ಕ್ಷೇತ್ರಗಳು ಎರಡೇ, ರಾಯಚೂರು ಮತ್ತು ಬಳ್ಳಾರಿ. ಮರುವಿಂಗಡಣೆಯಲ್ಲಿ ಸಂಖ್ಯೆ ಹೆಚ್ಚು ಕಡಿಮೆ ಆಗಬಹುದು, ಆದರೆ ಈ ಸೀಮೆಯ ಪಾಲು ದೊಡ್ಡದೇ ಇರುತ್ತದೆ.

ಆ ಸೀಟುಗಳಿಗೆ ನಿಲ್ಲುವ ಹೆಣ್ಣುಮಕ್ಕಳು ಎಲ್ಲಿಂದ ಬರಬೇಕು? ಗ್ರಾಮ ಪಂಚಾಯಿತಿಯಿಂದ ತಾಲೂಕು, ಅಲ್ಲಿಂದ ಜಿಲ್ಲಾ ಪಂಚಾಯಿತಿ, ಆಮೇಲೆ ವಿಧಾನಸಭೆ ಎನ್ನುವುದು ಸರಿಯಾದ ಮೆಟ್ಟಿಲು. ಪಕ್ಷದ ಚಿಹ್ನೆ ಮೇಲೆ ನಿಂತು, ಮೂವತ್ತು ಹಳ್ಳಿ ತಿರುಗಿ, ಅಧಿಕಾರಿಗಳ ಜೊತೆ ಮಾತಾಡಿ ಪಳಗುವುದು ಮಧ್ಯದ ಆ ಎರಡು ಮೆಟ್ಟಿಲಲ್ಲಿ. ಅಲ್ಲೂ ಅರ್ಧ ಸೀಟು ಹೆಣ್ಣುಮಕ್ಕಳದು. ತಾಲೂಕು, ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ಆಯಿತು. 2021ರಲ್ಲಿ ಅವಧಿ ಮುಗಿದ ಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ ತಕರಾರು, ಕೋರ್ಟು ಅಂತ ವರ್ಷಗಟ್ಟಲೆ ಕುರ್ಚಿಗಳು ಖಾಲಿ ಬಿದ್ದವು, ಆಡಳಿತಾಧಿಕಾರಿಗಳು ನಡೆಸಿದರು. ಈ ಅವಧಿಯಲ್ಲಿ ಸಂಘದಿಂದ ಪಂಚಾಯಿತಿಗೆ ಬಂದು, ಡೋಂಗಲ್ ತನ್ನ ಹತ್ತಿರವೇ ಇಟ್ಟುಕೊಂಡು, ನಾಲ್ಕು ಕೆಲಸ ಮಾಡಿ ತೋರಿಸಿದವಳಿಗೆ ಮುಂದೆ ನಿಲ್ಲಲು ಸೀಟೇ ಇರಲಿಲ್ಲ. ನಾಳೆ ಮಾನ್ವಿಯೋ ಕಂಪ್ಲಿಯೋ ಮಹಿಳಾ ಕ್ಷೇತ್ರವಾದರೆ ಪಕ್ಷದವರು ಹುಡುಕಿಕೊಂಡು ಹೋಗುವುದು ಈಕೆಯ ಮನೆಗಲ್ಲ, ಹಾಲಿ ಶಾಸಕರ ಮನೆಗೆ. ಹೆಂಡತಿಯ ಹೆಸರು, ಮಗಳ ಹೆಸರು, ಸೊಸೆಯ ಹೆಸರು ಕೇಳಿ ಬರೆದುಕೊಂಡು ಬರಲು.